ಪಥ್ಯ ಯಾವಾಗ ಮುಗಿಯುತ್ತೆ?

ಕಳೆದ ವಾರ ಸಂಬಂಧಿಕರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಬ್ಯಾಗಿನಿಂದ ನನ್ನ ಡಬ್ಬಿ ತೆಗೆದು ಎಲೆ ಪಕ್ಕ ಇಟ್ಟುಕೊಂಡೆ. ಎದುರು ಪಂಕ್ತಿಯಲ್ಲಿದ್ದ ದೊಡ್ಡಮ್ಮ ಅಲ್ಲಿಂದಲೇ ಕೂಗಿದರು, "ಇನ್ನೂ ಪಥ್ಯ ಮುಗಿದಿಲ್ಲೇನವ್ವ ನಿಂದು?"

ಆರು ವರ್ಷದಿಂದ ಕೇಳುತ್ತಿದ್ದಾರೆ. ತಪ್ಪು ಅವರದಲ್ಲ ಬಿಡಿ. ನಮ್ಮಲ್ಲಿ ಪಥ್ಯ ಅಂದರೆ ಅದಕ್ಕೊಂದು ಕೊನೆ ಇರಲೇಬೇಕು. ಕಾಮಾಲೆ ಇಳಿದರೆ ಪಥ್ಯ ಬಿಡುತ್ತಾರೆ. ಬಾಣಂತನ ಮುಗಿದರೆ ಬಿಡುತ್ತಾರೆ. ನನ್ನದು ಮುಗಿಯುವುದಿಲ್ಲ. ಇದನ್ನು ನಗುತ್ತಾ ಹೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ, ಗಂಭೀರವಾಗಿ ಹೇಳಿದರೆ ಅಯ್ಯೋ ಪಾಪ ಅನ್ನುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಅನ್ನುವ ಅಂಟಿನಂಥ ಪ್ರೋಟೀನ್ ಇದೆ. ಅದು ಹೊಟ್ಟೆಗೆ ಹೋದರೆ ನನ್ನ ಮೈ ಕಾಯಬೇಕಾದ ಸೈನ್ಯ ನನ್ನ ಸಣ್ಣ ಕರುಳಿನ ಮೇಲೇ ಬೀಳುತ್ತದೆ. ಡಾಕ್ಟರು ಟರ್ಕಿ ಟವೆಲ್ ಹೋಲಿಕೆ ಕೊಟ್ಟಿದ್ದರು. ಕರುಳಿನ ಒಳಮೈ ಆ ಟವೆಲ್ಲಿನ ಹಾಗೆ, ಸಣ್ಣ ಸಣ್ಣ ಎಳೆ ಎದ್ದು ನಿಂತಿರುತ್ತವೆ. ಊಟದ ಸತ್ವ ಹೀರುವುದು ಆ ಎಳೆಗಳೇ. ನನ್ನದು ಸವೆದು ಸವೆದು ಹಳೇ ಪಂಚೆಯಂತೆ ನುಣ್ಣಗಾಗಿತ್ತಂತೆ.

ಇದು ಗೊತ್ತಾಗುವ ಮೊದಲು ಸುಮಾರು ಒಂಬತ್ತು ವರ್ಷ ನನಗೆ "ಗ್ಯಾಸ್ಟ್ರಿಕ್" ಇತ್ತು. ಹೊಟ್ಟೆ ಉಬ್ಬರ, ಆಗಾಗ ಭೇದಿ, ಬಾಯಲ್ಲಿ ಹುಣ್ಣು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7ರ ಆಸುಪಾಸು. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಮೇಲೇಳುತ್ತಿರಲಿಲ್ಲ. ಹೀರಿಕೊಳ್ಳುವ ಜಾಗವೇ ಸವೆದುಹೋಗಿದ್ದರೆ ಎಲ್ಲಿಂದ ಏಳಬೇಕು? ಜಂತುಹುಳದ ಮಾತ್ರೆ ಕೊಟ್ಟರು. "ಟೆನ್ಷನ್ ಜಾಸ್ತಿ ಮಾಡ್ಕೋತೀರಿ" ಅಂದರು. "ಅನ್ನ ಬಿಟ್ಟು ಚಪಾತಿ ತಿನ್ನಿ, ಶಕ್ತಿ ಬರುತ್ತೆ" ಅಂದವರೂ ಇದ್ದಾರೆ. ತಿಂದೆ, ಎರಡು ಹೊತ್ತೂ.

ಯಾರಿಗೂ ಅನುಮಾನ ಬರದಿದ್ದಕ್ಕೆ ಒಂದು ಕಾರಣವಿದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1ಕ್ಕಿಂತ ಸ್ವಲ್ಪ ಜಾಸ್ತಿ ಜನರಲ್ಲಿ ಈ ಕಾಯಿಲೆ ಕಂಡಿತು. ದಕ್ಷಿಣದಲ್ಲಿ ಸಾವಿರಕ್ಕೆ 1. ಅನ್ನ ತಿನ್ನುವ ಸೀಮೆಯವರಿಗೆ ಇದೆಲ್ಲಿ ಬರುತ್ತೆ ಅನ್ನುವ ಭಾವನೆ ಇದೆ. ಆದರೆ ದಾವಣಗೆರೆಯ ನಮ್ಮಂಥ ಮನೆಗಳಲ್ಲಿ ರಾತ್ರಿ ಊಟ ಅಂದರೆ ಚಪಾತಿ ಆಗಿ ಎಷ್ಟು ಕಾಲವಾಯಿತು, ಅಲ್ವಾ?

ಕೊನೆಗೆ ಹೊಟ್ಟೆ ತಜ್ಞರೊಬ್ಬರು ಟಿಟಿಜಿ ಅನ್ನುವ ರಕ್ತಪರೀಕ್ಷೆ ಬರೆದುಕೊಟ್ಟರು. ಅದು ಜಾಸ್ತಿ ಬಂತು. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದರು. ಆಗ ಅವರು ಹೇಳಿದ್ದು ನನಗೆ ವಿಚಿತ್ರ ಅನ್ನಿಸಿತ್ತು: "ಪರೀಕ್ಷೆಗಳೆಲ್ಲ ಮುಗಿಯೋತನಕ ಚಪಾತಿ ಬಿಡಬೇಡಿ." ಮೊದಲೇ ಗೋಧಿ ಬಿಟ್ಟರೆ ರಕ್ತ ಸರಿಹೋಗುತ್ತಾ ಬರುತ್ತದೆ, ಕರುಳೂ ಮಾಯುತ್ತದೆ. ಆಗ ಕಾಯಿಲೆ ಇದ್ದೂ ಇಲ್ಲ ಅಂತ ಬರಬಹುದು. ಯಾರೋ ಯೂಟ್ಯೂಬಲ್ಲಿ ಹೇಳಿದರು ಅಂತ ಗೋಧಿ ಬಿಡುವ ಗೆಳತಿಯರಿಗೆ ನಾನು ಇದೊಂದನ್ನೇ ಹೇಳುವುದು. ಬಿಡಿ, ಬೇಡ ಅನ್ನಲ್ಲ. ಟೆಸ್ಟ್ ಮಾಡಿಸಿ ಬಿಡಿ.

ಗೋಧಿಯೇ ಕಳ್ಳ ಅಂತ ಹಿಡಿದುಕೊಟ್ಟವರು ವಿಲೆಮ್ ಡಿಕ್ಕೆ ಅನ್ನುವ ಡಚ್ ಮಕ್ಕಳ ಡಾಕ್ಟರು. ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡು ಸಿಗದ ಬರಗಾಲ. ಊರಿಗೆ ಊರೇ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದವು. ಬ್ರೆಡ್ಡು ಮತ್ತೆ ಬಂದಾಗ ಮತ್ತೆ ಮಲಗಿದವು. 1950ರಲ್ಲಿ ಅವರು ಇದನ್ನೇ ಪ್ರಬಂಧವಾಗಿ ಮಂಡಿಸಿದರು. ಅಲ್ಲಿಂದ ಇಲ್ಲಿಯವರೆಗೂ ಇದಕ್ಕೆ ಮದ್ದು ಒಂದೇ, ಗ್ಲುಟೆನ್ ಇಲ್ಲದ ಊಟ.

"ನಿಮಗೇನು ಬಿಡಿ, ರಾಗಿ ಇದೆ, ಜೋಳ ಇದೆ, ಅಕ್ಕಿ ಇದೆ" ಅನ್ನುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಮುದ್ದೆ, ರೊಟ್ಟಿ, ಅನ್ನ ತಿಂದುಕೊಂಡು ಮೂರು ತಿಂಗಳು ಕಳೆದರೂ ಹೊಟ್ಟೆ ಸರಿಹೋಗಲಿಲ್ಲ. ಕಾರಣ ಗಿರಣಿಯಲ್ಲಿತ್ತು. ನನ್ನ ಮುಂದಿನವರು ಗೋಧಿ ಬೀಸಿಸುತ್ತಾರೆ, ಅದೇ ಕಲ್ಲಿಗೆ ನನ್ನ ಜೋಳ ಬೀಳುತ್ತದೆ. ಡಬ್ಬದ ತಳದಲ್ಲಿ, ಬಟ್ಟೆಯ ಚೀಲದಲ್ಲಿ, ಗಿರಣಿಯವನ ಕೈಯಲ್ಲಿ, ಎಲ್ಲೆಲ್ಲೂ ಗೋಧಿ ಹಿಟ್ಟಿನ ಧೂಳು. ಈಗ ಮನೆಯಲ್ಲೇ ಒಂದು ಸಣ್ಣ ಗಿರಣಿ ಇಟ್ಟಿದ್ದೇವೆ. ಅದರೊಳಗೆ ಇವತ್ತಿನವರೆಗೂ ಒಂದು ಕಾಳು ಗೋಧಿ ಬಿದ್ದಿಲ್ಲ. ಒಡವೆಗಿಂತ ಹೆಚ್ಚು ಅದನ್ನು ಕಾಯುತ್ತೇನೆ ಅಂತ ಮನೆಯವರು ರೇಗಿಸುತ್ತಾರೆ.

ಇನ್ನೊಂದು ಇಂಗು. ಇಂಗಿನ ಡಬ್ಬಿಯ ಹಿಂದೆ ಏನು ಬರೆದಿದೆ ಅಂತ ಎಂದಾದರೂ ಓದಿದ್ದೀರಾ? ಶುದ್ಧ ಇಂಗು ವಿಪರೀತ ಘಾಟು, ಹಾಗಾಗಿ ಅದನ್ನು ಹಿಟ್ಟು ಬೆರೆಸಿ ಮಾರುತ್ತಾರೆ. ಕೆಲವರು ಅಕ್ಕಿ ಹಿಟ್ಟು ಹಾಕುತ್ತಾರೆ, ಬಹಳ ಕಡೆ ಇರುವುದು ಗೋಧಿ ಹಿಟ್ಟೇ. ಅಂದರೆ ಮದುವೆ ಮನೆಯ ಸಾರು, ಉಪ್ಪಿನಕಾಯಿ, ಒಗ್ಗರಣೆ ಮಜ್ಜಿಗೆ, ಎಲ್ಲದರ ಮೇಲೂ ನನಗೆ ಅನುಮಾನ. ನಮ್ಮೂರಿನ ಮಂಡಕ್ಕಿ ಮೆಣಸಿನಕಾಯಿಯೂ ಹೋಯಿತು. ಮಂಡಕ್ಕಿಯದೇನೂ ತಪ್ಪಿಲ್ಲ, ಪಾಪ. ಮಿರ್ಚಿ ಕಡಲೆ ಹಿಟ್ಟಿನದೇ, ಆದರೆ ಅದೇ ಬಾಣಲೆಯಲ್ಲಿ ಮೈದಾದ್ದು ಏನೇನು ಕರಿದಿರುತ್ತಾರೋ! ಅಂಗಡಿಯ ಮಲ್ಟಿಗ್ರೇನ್ ಹಿಟ್ಟಿನ ಕಥೆಯೂ ಅಷ್ಟೇ. ಮುಂದೆ ರಾಗಿ ತೆನೆಯ ಚಿತ್ರ, ಹಿಂದೆ ಓದಿದರೆ ಮುಕ್ಕಾಲು ಪಾಲು ಗೋಧಿ.

ಮನೆಯಲ್ಲಿ ನನ್ನ ಹಂಚು ಬೇರೆ, ಮಣೆ ಬೇರೆ, ಸೌಟು ಬೇರೆ. ಹಬ್ಬದಲ್ಲಿ ಕಣಕ ನಾದುವ ಮೊದಲೇ ಹೂರಣದಲ್ಲಿ ನನ್ನ ಪಾಲು ತೆಗೆದಿಡುತ್ತೇವೆ. ಹೋಳಿಗೆಯ ಕಣಕ ಹರಿಯದೆ ಎಳೆದಷ್ಟೂ ಹಿಗ್ಗುತ್ತದಲ್ಲ, ಆ ಗುಣ ಕೊಡುವುದೇ ಗ್ಲುಟೆನ್. ಅಕ್ಕಿ ಹಿಟ್ಟಲ್ಲಿ ಪ್ರಯತ್ನಪಟ್ಟೆ, ಒಡೆದು ಪುಡಿಪುಡಿ. ಈಗ ಬರೀ ಹೂರಣಕ್ಕೆ ತುಪ್ಪ ಹಾಕಿಕೊಂಡು ತಿನ್ನುತ್ತೇನೆ. ಗಣಪತಿ ಹಬ್ಬ ಮಾತ್ರ ನನ್ನ ಹಬ್ಬ. ಅಕ್ಕಿ ಹಿಟ್ಟಿನ ಕಾಯಿಕಡುಬು ಎಷ್ಟು ಬೇಕಾದರೂ ತಿನ್ನಬಹುದು.

ಮೊದಲ ಕೆಲವು ತಿಂಗಳು ಹಾಲೂ ಆಗುತ್ತಿರಲಿಲ್ಲ. ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಇರುವುದೂ ಆ ಟವೆಲ್ಲಿನ ಎಳೆಗಳ ತುದಿಯಲ್ಲೇ. ಮಜ್ಜಿಗೆ ಮೇಲೆ ಕಾಲ ತಳ್ಳಿದೆ. ಎಳೆ ಮತ್ತೆ ಬೆಳೆದ ಮೇಲೆ ಹಾಲು ಒಗ್ಗಿತು. ವರ್ಷ ತುಂಬುವಷ್ಟರಲ್ಲಿ ಹಿಮೋಗ್ಲೋಬಿನ್ 11 ದಾಟಿತ್ತು. ಆ ರಿಪೋರ್ಟ್ ಇನ್ನೂ ಪರ್ಸಿನಲ್ಲಿದೆ.

ಇಷ್ಟೆಲ್ಲ ಮಾಡಬಹುದು. ಅಭ್ಯಾಸವಾಗುತ್ತದೆ. ನಾನು ಇಂದಿಗೂ ಸೋಲುವುದು "ಒಂದು ಚೂರು" ಅನ್ನುವ ಮಾತಿಗೆ. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು, "ದೇವರ ಎಡೆ ಕಣವ್ವ, ಒಂದ್ ಚೂರು ಬಾಯಿಗೆ ಹಾಕ್ಕೋ, ಏನಾಗಲ್ಲ" ಅಂದಾಗ ಬೇಡ ಅನ್ನುವುದು ಹೇಗೆ? ಬೈದವರಿಗೆ ತಿರುಗಿ ಮಾತಾಡಬಹುದು, ಪ್ರೀತಿಯಿಂದ ಕೈ ಮುಂದೆ ಹಿಡಿದವರಿಗೆ ಏನಂತ ಹೇಳುವುದು? ಮೊದಲ ವರ್ಷ ಎರಡು ಸಲ ತಿಂದೆ. ಒಂದು ಸಲ ಎರಡು ದಿನ ಮಲಗಿದೆ. ಇನ್ನೊಂದು ಸಲ ಏನೂ ಆಗಲೇ ಇಲ್ಲ. ನನ್ನ ಲೆಕ್ಕದಲ್ಲಿ ಏನೂ ಆಗದೇ ಇದ್ದದ್ದೇ ಹೆಚ್ಚು ಅಪಾಯದ್ದು. ನೋವಿಲ್ಲದಿದ್ದರೂ ಒಳಗೆ ಕರುಳು ಸವೆಯುತ್ತಿರಬಹುದು.

ಈ ಚೂರಿಗೂ ಲೆಕ್ಕವಿದೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೆ ಕರುಳಿಗೆ ಪೆಟ್ಟು ಬೀಳುತ್ತದೆ ಎಂದು 2007ರಲ್ಲಿ ಪ್ರಕಟವಾದ ಇಟಲಿಯವರ ಅಧ್ಯಯನ ತೋರಿಸಿತ್ತು. ಒಂದು ಚಪಾತಿಯಲ್ಲಿ ಅಂದಾಜು 3 ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಒಂದು ಚಪಾತಿಯನ್ನು ಅರವತ್ತು ಚೂರು ಮಾಡಿದರೆ, ಅದರಲ್ಲಿ ಒಂದು. ಅತ್ತೆಯ ಮುಂದೆ ನಿಜವಾಗಿಯೂ ಚಪಾತಿ ಹರಿದು ತೋರಿಸಿದೆ. ಮೂವತ್ತು ಚೂರಿನ ಹೊತ್ತಿಗೆ ಅವರೇ "ಸಾಕು ಬಿಡವ್ವ" ಅಂದರು. ಅವತ್ತಿನಿಂದ ಪಕ್ಕದ ಮನೆಯವರು ಪ್ರಸಾದದ ಸಜ್ಜಿಗೆ ತಂದರೆ ಬಾಗಿಲಲ್ಲೇ ತಡೆಯುವವರು ಅವರು.

ಈಗ ನನ್ನ ತಂಗಿಯ ವಿಷಯ. ಈ ಕಾಯಿಲೆ ಒಬ್ಬರಿಗಿದ್ದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ರಕ್ತಪರೀಕ್ಷೆ ಮಾಡಿಸಬೇಕು. ಅವರಲ್ಲಿ ಹತ್ತಕ್ಕೊಬ್ಬರಷ್ಟು ಜನರಿಗೆ ಇರುವ ಸಾಧ್ಯತೆ ಇದೆ. ಮಗನಿಗೆ ಮಾಡಿಸಿದೆ, ಸದ್ಯ ಇಲ್ಲ. ತಂಗಿ ಮಾತ್ರ ಆರು ವರ್ಷದಿಂದ ಮುಂದೂಡುತ್ತಲೇ ಇದ್ದಳು. "ನಂಗೇನೂ ಆಗಿಲ್ಲಲ್ಲಕ್ಕ, ಸುಮ್ನೆ ಯಾಕೆ?" ಅನ್ನುತ್ತಿದ್ದಳು. ಮೊನ್ನೆ ಬಂದಿದ್ದಾಗ ಅವಳ ಬ್ಯಾಗಲ್ಲಿ ಕಬ್ಬಿಣದ ಮಾತ್ರೆ ಕಂಡಿತು. ಎಷ್ಟು ದಿನದಿಂದ ಅಂದರೆ, "ಎರಡು ವರ್ಷ ಆಯ್ತು, ಏರ್ತಾನೇ ಇಲ್ಲ. ಹೆಣ್ಮಕ್ಕಳಿಗೆ ಇದ್ದದ್ದೇ ಬಿಡಕ್ಕ" ಅಂದಳು.

ನಾಳೆ ಬೆಳಿಗ್ಗೆ ಇಬ್ಬರೂ ಲ್ಯಾಬಿಗೆ ಹೋಗುತ್ತಿದ್ದೇವೆ. ಹೆದರಿಕೊಂಡು ಈಗಲೇ ಗೋಧಿ ಬಿಟ್ಟುಬಿಡಲಾ ಅಂತ ಕೇಳಿದಳು. ಬೇಡ ಅಂದೆ. ಈಗ ಅಡಿಗೆಮನೆಯಲ್ಲಿ ಅತ್ತೆ ಅವಳಿಗೆ ಚಪಾತಿ ಲಟ್ಟಿಸುತ್ತಿದ್ದಾರೆ. ನಾನು ಹೊರಗೆ ಕೂತು ಇದನ್ನು ಬರೆಯುತ್ತಿದ್ದೇನೆ.