ಲೆಕ್ಕವನ್ನು ಮೈಕಿನಲ್ಲಿ ಓದಿ

ನಾನು ಬಾಗಲಕೋಟೆ ಜಿಲ್ಲೆಯವನು. ಈಗ ರಾಜಸ್ಥಾನದ ಬ್ಯಾವರ್‌ನಲ್ಲಿದ್ದೇನೆ, ಸಿಮೆಂಟಿನ ಕೆಲಸ. ನಮ್ಮ ಕಡೆ ಸುಣ್ಣಕಲ್ಲಿಗೇನು ಬರ ಬಂದಿತ್ತು ಅಂತ ಮನೆಯಲ್ಲಿ ಈಗಲೂ ಕೇಳುತ್ತಾರೆ. ಬ್ಯಾವರ್ ತಿಲ್‌ಪಟ್ಟಿಗೆ, ಅಂದರೆ ಎಳ್ಳಿನ ಚಿಕ್ಕಿಗೆ ಹೆಸರಾದ ಊರು. ಅದಕ್ಕಿಂತ ದೊಡ್ಡ ಹೆಸರು ಇನ್ನೊಂದಿದೆ. 1996ರ ಏಪ್ರಿಲ್‌ನಲ್ಲಿ ಇಲ್ಲಿನ ಚಾಂಗ್ ಗೇಟ್ ಬಳಿ ಕೂಲಿಕಾರರು, ಸಣ್ಣ ರೈತರು ಧರಣಿ ಕೂತರು. 40 ದಿನ. ಪಂಚಾಯ್ತಿ ಕೆಲಸದ ಬಿಲ್ಲು, ವೋಚರು, ಮಸ್ಟರ್ ರೋಲ್ (ಕೂಲಿಕಾರರ ಹಾಜರಿ ಪಟ್ಟಿ) ನಕಲು ಕೊಡಿ, ಇಷ್ಟೇ ಅವರ ಬೇಡಿಕೆ. 'ಹಮಾರಾ ಪೈಸಾ, ಹಮಾರಾ ಹಿಸಾಬ್', ನಮ್ಮ ದುಡ್ಡು ನಮ್ಮ ಲೆಕ್ಕ, ಅನ್ನುವುದು ಅವರ ಘೋಷಣೆ. ಊರಿನ ಜನ ಕಾಳು, ತರಕಾರಿ, ದುಡ್ಡು ಕೊಟ್ಟು ನಡೆಸಿದರು. 2005ರಲ್ಲಿ ದೇಶಕ್ಕೆಲ್ಲ ಬಂದ ಮಾಹಿತಿ ಹಕ್ಕು ಕಾಯ್ದೆಯ ಬೇರು ಈ ರಸ್ತೆಯಲ್ಲೂ ಇದೆ.

ಧರಣಿ ಮಾಡುವುದರಲ್ಲಿ ನಾವೇನು ಕಡಿಮೆ ಇಲ್ಲ ಬಿಡಿ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಕೂತಾಗ ಇಡೀ ರಾಜ್ಯ ತಿರುಗಿ ನೋಡಿತು. ಟನ್ನಿಗೆ 3,500 ಕೇಳಿದರು, 3,300ಕ್ಕೆ ತೀರ್ಮಾನ ಆಯಿತು. ಜನ ಸೇರಿಸುವುದು, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ರಸ್ತೆಯಲ್ಲೇ ರಾತ್ರಿ ಕಳೆಯುವುದು, ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನನ್ನ ತಕರಾರು ಇರುವುದು ಆಮೇಲಿನ ಕೆಲಸದ ಬಗ್ಗೆ. ಕಬ್ಬಿನ ದರ ನಿಂತಿರುವುದು ರಿಕವರಿ ಮೇಲೆ, ಅಂದರೆ ಕಬ್ಬಿನಿಂದ ಶೇಕಡಾ ಎಷ್ಟು ಸಕ್ಕರೆ ಬಂತು ಅನ್ನುವುದರ ಮೇಲೆ. ಆ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ್ದು 10.25 ಶೇಕಡಾ ರಿಕವರಿಗೆ ಟನ್ನಿಗೆ 3,550. ಅದರಲ್ಲಿ ಕಟಾವು, ಸಾಗಾಣಿಕೆ ಮುರಿದುಕೊಳ್ಳುತ್ತಾರೆ. ರಿಕವರಿ ಅಳೆಯುವವರು ಯಾರು? ಕಾರ್ಖಾನೆಯವರೇ. ತೂಕ ಹಾಕುವವರು? ಅವರೇ. ದರದ ಬಗ್ಗೆ ಊರೂರಲ್ಲಿ ಮಾತು ನಡೆಯುತ್ತದೆ. ಆದರೆ ತನ್ನ ಕಬ್ಬು ಹೋದ ಕಾರ್ಖಾನೆಯ ರಿಕವರಿ ಎಷ್ಟು, ಪಕ್ಕದ ಕಾರ್ಖಾನೆಯದು ಎಷ್ಟು ಅಂತ ಲೆಕ್ಕ ಹಿಡಿದು ಹೇಳುವವರು ಊರಿಗೆ ಒಬ್ಬರೋ ಇಬ್ಬರೋ. ಆ ಕಾಗದ ಇರುವುದು ಮುಖಂಡರ ಬ್ಯಾಗಿನಲ್ಲಿ. ಇನ್ನು ಕಬ್ಬು ಕಡಿಯಲು ತಾಂಡಾಗಳಿಂದ ಬರುವ ಗ್ಯಾಂಗಿನವರಿಗೆ ಟನ್ನಿಗೆ ಎಷ್ಟು ಮುಟ್ಟಿತು, ಮುಂಗಡದಲ್ಲಿ ಎಷ್ಟು ಮುರಿದರು ಅನ್ನುವುದು ಯಾವ ವೇದಿಕೆಯಲ್ಲೂ ಬರುವುದೇ ಇಲ್ಲ. ಗ್ಯಾಂಗು ಕರೆತರುವ ಮುಕಾದಮನ ಚೀಟಿಯಲ್ಲಿ ಬರೆದದ್ದೇ ಅವರಿಗೆ ಲೆಕ್ಕ.

ಬ್ಯಾವರ್ ಕಡೆಯವರ ಪದ್ಧತಿ ಬೇರೆ. ಆ ಧರಣಿ ನಡೆಸಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಶುರುವಾದದ್ದು 1990ರಲ್ಲಿ, ಭೀಮ್ ಅನ್ನುವ ಸಣ್ಣ ಊರಿನಲ್ಲಿ. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಇದರ ಹಿಂದೆ ಇದ್ದವರು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾದಲ್ಲಿ ಮೊದಲ ಜನ್ ಸುನ್‌ವಾಯಿ, ಅಂದರೆ ಜನರ ಮುಂದೆ ಬಹಿರಂಗ ವಿಚಾರಣೆ, ಮಾಡಿದರು. ಆಮೇಲೆ ಭೀಮ್‌ನಲ್ಲಿ, ವಿಜಯಪುರದಲ್ಲಿ. (ಹೌದು, ಇಲ್ಲೂ ಒಂದು ವಿಜಯಪುರ ಇದೆ. ಗೋಳಗುಮ್ಮಟ ಇಲ್ಲ, ಅಷ್ಟೇ.) ಒಂದು ಶಾಮಿಯಾನ, ಒಂದು ಮೈಕು, ಪಂಚಾಯ್ತಿಯ ಕಾಗದಗಳು. ಒಬ್ಬರು ಮಸ್ಟರ್ ರೋಲ್ ಓದುತ್ತಾರೆ. ಇಂಥವರು ಇಂಥ ಕಟ್ಟೆಯ ಕೆಲಸಕ್ಕೆ ಇಷ್ಟು ದಿನ ಬಂದರು, ಇಷ್ಟು ಕೂಲಿ ಪಡೆದರು ಅಂತ. ಕೂತವರಲ್ಲಿ ಒಬ್ಬರು ಎದ್ದು 'ಅದು ನನ್ನ ಹೆಸರೇ, ಆದರೆ ಆ ಕೆಲಸಕ್ಕೆ ನಾನು ಹೋಗೇ ಇಲ್ಲ' ಅನ್ನುತ್ತಾರೆ. ಕಾಗದದಲ್ಲಿ ಮುಗಿದ ಕಟ್ಟಡಕ್ಕೆ ಚಾವಣಿಯೇ ಇಲ್ಲ ಅಂತ ಇನ್ನೊಬ್ಬರು. ಅಧಿಕಾರಿಗಳನ್ನೂ ಕರೆದಿರುತ್ತಾರೆ, ಅವರಿಗೂ ಮೈಕು ಸಿಗುತ್ತದೆ. ನಡುವೆ ಶಂಕರ್ ಸಿಂಗ್ ಅವರ ಗೊಂಬೆ ಬಂದು ನಗಿಸಿ ಹೋಗುತ್ತದೆ.

ಓದು ಬಾರದವರಿಗೆ ಇದು ದೊಡ್ಡ ಬಲ. ನಕಲು ಕೈಗೆ ಕೊಟ್ಟರೆ ಅವರೇನು ಮಾಡಬೇಕು? ಕಿವಿಗೆ ಬಿದ್ದರೆ ತಪ್ಪು ಹಿಡಿಯುವುದರಲ್ಲಿ ಅವರನ್ನು ಮೀರಿಸುವ ಆಡಿಟರ್ ಇಲ್ಲ. ಹಾಗಂತ ರಾಜಸ್ಥಾನ ಸ್ವರ್ಗ ಅಂತ ನಾನು ಹೇಳಲಾರೆ. ಹೆಂಗಸರು ಘೂಂಘಟ್‌ನೊಳಗಿಂದಲೇ (ಮುಖದ ಮುಸುಕಿನೊಳಗಿಂದಲೇ) ಮೈಕಿನಲ್ಲಿ ಮಾತಾಡಬೇಕಾದ ಹಳ್ಳಿಗಳು ಈಗಲೂ ಇವೆ. 2009ರಲ್ಲಿ ಭೀಲವಾಡಾದಲ್ಲಿ ದೊಡ್ಡ ಸೋಷಿಯಲ್ ಆಡಿಟ್ (ಜನರೇ ಮಾಡುವ ಲೆಕ್ಕ ತಪಾಸಣೆ) ಆದಮೇಲೆ ಪಂಚಾಯ್ತಿ ಅಧ್ಯಕ್ಷರಾದ ಸರಪಂಚರೇ ಗುಂಪು ಕಟ್ಟಿಕೊಂಡು ವಿರೋಧಿಸಿದರು.

ನಮ್ಮಲ್ಲಿ ಕಾನೂನೇ ಇಲ್ಲ ಅಂತಲೂ ಅಲ್ಲ. ಗ್ರಾಮ ಪಂಚಾಯ್ತಿ ವರ್ಷಕ್ಕೊಮ್ಮೆ ಜನರ ಮುಂದೆ ಲೆಕ್ಕ ಒಪ್ಪಿಸುವ ಜಮಾಬಂದಿ ನಿಯಮ 2000ದಿಂದಲೇ ಇದೆ. ಕೇಂದ್ರದ ಮಾಹಿತಿ ಹಕ್ಕಿಗಿಂತ ಹಳೆಯದು! ಆದರೆ ನಾನು ರಜೆಗೆ ಬಂದಾಗ ನೋಡಿದ ಜಮಾಬಂದಿಯಲ್ಲಿ ಲೆಕ್ಕದ ಪುಸ್ತಕ ಟೇಬಲ್ ಮೇಲಿತ್ತು, ಮುಚ್ಚಿಕೊಂಡೇ ಇತ್ತು. ಸ್ವಾಗತ ಆಯಿತು, ಹಾರ ಆಯಿತು, ಫೋಟೋ ಆಯಿತು. ಚುರಮುರಿ, ಚಹಾ ಬಂತು. ಹೊಲಕ್ಕೆ ಹೋಗಬೇಕಾದವರಿಗೆ ಬೆಳಗ್ಗೆ 11ಕ್ಕೆ ಸಭೆ ಇಟ್ಟರೆ ಬರುವವರು ಯಾರು? ರುಜು ಮಾತ್ರ ಎಲ್ಲರದೂ ಇತ್ತು.

ಹಾಗಂತ ಎಲ್ಲವನ್ನೂ ರಾಜಸ್ಥಾನದಿಂದಲೇ ಕಲಿಯಬೇಕು ಅನ್ನುವವರ ಜೊತೆ ನಾನಿಲ್ಲ. ಕೆಲವು ವಿಷಯದಲ್ಲಿ ಬೆಳಗಾವಿ ಜಿಲ್ಲೆಯ ಹೆಂಗಸರು ಇಲ್ಲಿಯವರಿಗೇ ಪಾಠ ಹೇಳಬಲ್ಲರು. ಘಟಪ್ರಭಾದ 'ಮಾಸ್' ಸಂಸ್ಥೆಯನ್ನೇ ನೋಡಿ. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅಂತ ಪೂರ್ತಿ ಹೆಸರು. 1997ರಲ್ಲಿ ಹುಟ್ಟಿದ್ದು, ನಡೆಸುವವರು ಮಾಜಿ ದೇವದಾಸಿಯರೇ. ಇದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದು. ಕಾಯ್ದೆ ಪುಸ್ತಕದಲ್ಲಿದ್ದರೂ ಮುತ್ತು ಕಟ್ಟಿ ದೇವದಾಸಿ ಮಾಡುವುದು ನಡೆದೇ ಇತ್ತು. ಅದು ಕಡಿಮೆಯಾಗಲು ಈ ಹೆಂಗಸರು ಮನೆಮನೆಗೆ ಹೋಗಿ ಆಡಿದ ಮಾತು ಬೇಕಾಯಿತು. ಆ ಬಾಳನ್ನು ಬದುಕಿದವರೇ ಬಂದು ಕೂತು ಮಾತಾಡಿದರೆ ತಾಯಿಯೊಬ್ಬಳು ಕೇಳಿಸಿಕೊಳ್ಳುತ್ತಾಳೆ. ಜೀಪಿನಲ್ಲಿ ಬಂದ ಅಧಿಕಾರಿ ಅದನ್ನೇ ಹೇಳಿದರೆ ಒಳಗೆ ಹೋಗಿ ಬಾಗಿಲು ಹಾಕುತ್ತಾಳೆ.

ಈ ವಿಷಯದಲ್ಲಿ ಮೈಕು ಕೆಲಸಕ್ಕೆ ಬರುವುದಿಲ್ಲ. ಸರ್ಕಾರ 1993-94ರಲ್ಲಿ, ಮತ್ತೆ 2007-08ರಲ್ಲಿ ಮಾಜಿ ದೇವದಾಸಿಯರ ಸಮೀಕ್ಷೆ ಮಾಡಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾಸಾಶನ, ಬಿಟ್ಟುಹೋದವರಿಗೆ ವರ್ಷಗಟ್ಟಲೆ ಅಲೆದಾಟ. ಆ ಪಟ್ಟಿಯನ್ನು ರಾಜಸ್ಥಾನದ ಹಾಗೆ ಊರ ಗೋಡೆಯ ಮೇಲೆ ಬರೆದರೆ ಏನಾದೀತು ಯೋಚಿಸಿ. ಮಗಳ ಮದುವೆ ಮಾತು ನಡೆದಿರುತ್ತದೆ, ಮಗ ಕಾಲೇಜಿನಲ್ಲಿರುತ್ತಾನೆ. ಆದ್ದರಿಂದ ನನ್ನ ಅಳತೆ ಇಷ್ಟು: ದುಡ್ಡು ಖರ್ಚು ಮಾಡಿದವನ ಲೆಕ್ಕ ಚಾವಡಿಯಲ್ಲಿ ಗಟ್ಟಿಯಾಗಿ ಓದಬೇಕು, ನೋವು ಉಂಡವಳ ಹೆಸರು ಅವಳು ಒಪ್ಪದೆ ಹೊರಗೆ ಬರಬಾರದು. ಪಾರದರ್ಶಕತೆ ಅಂತ ಉತ್ಸಾಹದಲ್ಲಿ ಮಾತಾಡುವವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಬ್ಯಾವರ್‌ನ ಗೆಳೆಯರ ಜೊತೆ ಈ ವಿಷಯಕ್ಕೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಖಾನಾಪುರ, ಕಿತ್ತೂರು ಕಡೆಯ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯವರದು ಇನ್ನೊಂದು ದಾರಿ. ಜನ 'ಗ್ರಾಕೂಸ್' ಅನ್ನುತ್ತಾರೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸ ಕೇಳಲು ನಮೂನೆ 6 ತುಂಬಿಕೊಟ್ಟು ತಾರೀಕು ಹಾಕಿದ ಸ್ವೀಕೃತಿ ಪಡೆಯಬೇಕಿತ್ತು. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕು ಬರುತ್ತಿದ್ದುದು ಆ ಸ್ವೀಕೃತಿಯಿಂದ. ಅದಿಲ್ಲದೆ ಜಾಗ ಬಿಟ್ಟು ಏಳಬಾರದು ಅಂತ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿಕೊಡುತ್ತಿದ್ದುದೇ ಅಲ್ಲಿಯ ಶಾಲೆ.

ಮುಧೋಳ, ಜಮಖಂಡಿ ಕಡೆಯ ಸವಳು-ಜವಳಿನ (ಉಪ್ಪೇರಿದ, ನೀರು ನಿಂತ ಹೊಲಗಳ) ವಿಷಯಕ್ಕೂ ತಿಳಿದದ್ದನ್ನು ಹೀಗೆ ಹಂಚಿಕೊಳ್ಳಬೇಕು. ನೆಲದಡಿ ಪೈಪು ಹಾಕಿ ಉಪ್ಪುನೀರು ಬಸಿಯುವುದು ಒಬ್ಬ ರೈತನ ಕೈಯಲ್ಲಿಲ್ಲ. ನೀರು ಹಳ್ಳ ಸೇರಲು ನಾಲ್ಕು ಜನರ ಹೊಲ ದಾಟಬೇಕು. ಆ ನಾಲ್ವರೂ ಮಣ್ಣು ಪರೀಕ್ಷೆಯ ಚೀಟಿಯನ್ನು ತಮ್ಮ ತಮ್ಮ ಜೇಬಿನಲ್ಲೇ ಇಟ್ಟುಕೊಂಡರೆ ಹೇಗೆ ಆಗುತ್ತದೆ?

ಈಗ ಎದುರಿಗಿರುವ ದೊಡ್ಡ ಲೆಕ್ಕ ಆಲಮಟ್ಟಿಯದು. ಬಾಗಲಕೋಟೆಯಲ್ಲಿ '519', '524' ಅಂದರೆ ಅಣೆಕಟ್ಟಿನ ನೀರಿನ ಮಟ್ಟ ಅಂತ ಮಕ್ಕಳಿಗೂ ಗೊತ್ತು. ನೀರು 519.6 ಮೀಟರಿನಿಂದ 524.256ಕ್ಕೆ ಏರಿದರೆ ಯಾರ ಹೊಲ ಹೋಗುತ್ತದೆ ಅನ್ನುವ ಚಿಂತೆ 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪಿನಿಂದ ಇದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆ ಭೂಮಿಗೆ ದರ ಗೊತ್ತು ಮಾಡಿತು. ನೀರಾವರಿ ಎಕರೆಗೆ 40 ಲಕ್ಷ, ಖುಷ್ಕಿಗೆ (ಮಳೆ ನಂಬಿದ ಹೊಲಕ್ಕೆ) 30 ಲಕ್ಷ. ಉತಾರದಲ್ಲಿ (ಪಹಣಿಯಲ್ಲಿ) ಒಂದು ಪದ ಬದಲಾದರೆ ಎಕರೆಗೆ 10 ಲಕ್ಷದ ಫರಕು, ಅಲ್ವಾ? ಏಜೆಂಟರು ಇಷ್ಟು ಹೊತ್ತಿಗೆ ಮನೆ ಬಾಗಿಲಿಗೆ ಬಂದಿರದಿದ್ದರೆ ಆಶ್ಚರ್ಯ.

ಬ್ಯಾವರ್‌ನ ಪದ್ಧತಿ ಆಲಮಟ್ಟಿಯ ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಮುಳುಗಡೆಯ ಪ್ರತಿ ಊರಲ್ಲಿ, ರಾತ್ರಿ ಊಟ ಆದಮೇಲೆ, ಅಗಸಿ ಕಟ್ಟೆಯ ಮುಂದೆ ಸರ್ವೆ ನಂಬರ್ ಪ್ರಕಾರ ಪಟ್ಟಿ ಓದಲಿ. ಎಷ್ಟು ಎಕರೆ, ನೀರಾವರಿಯೋ ಖುಷ್ಕಿಯೋ, ಎಷ್ಟು ಮೊತ್ತ. ಯಾರ ಹೊಲದಲ್ಲಿ ಯಾವ ವರ್ಷ ಬೋರ್ ಬಿತ್ತು, ಯಾರ ಪಂಪ್‌ಸೆಟ್ ಕಾಗದದಲ್ಲಿ ಮಾತ್ರ ಓಡುತ್ತಿದೆ ಅಂತ ಕಟ್ಟೆಯ ಮೇಲೆ ಕೂತವರಿಗೆ ಬಾಯಿಪಾಠ. ಲಾವಣಿಯಲ್ಲಿ (ಗೇಣಿಗೆ) ಉಳುವವರು, ಕೂಲಿ ಮಾಡುವವರು, ಉತಾರದಲ್ಲಿ ಹೆಸರೇ ಇಲ್ಲದ ಹೆಂಗಸರು ಕೂಡ ಅಲ್ಲೇ ಕೂತಿರಲಿ, ಅವರ ಪಾಲಿನ ಪ್ರಶ್ನೆಯೂ ಅದೇ ಮೈಕಿನಲ್ಲಿ ಬರಲಿ. ಮೈಕಿನ ಬಾಡಿಗೆ, ಉತಾರದ ನಕಲಿನ ಖರ್ಚು ಹೊರಗಿರುವ ನಾವು ಕೊಡಬಹುದು. ಜಾತ್ರೆಗೆ ಪಟ್ಟಿ ಹಾಕುವಾಗ ನಮಗೇ ಮೊದಲು ಫೋನ್ ಮಾಡುತ್ತಾರೆ. ಇದಕ್ಕೂ ಮಾಡಲಿ.