ಹಳದಿ ಬಣ್ಣ ಇದ್ದರೆ ಬರೆ (ಗುಡ್ಡದ ಇಳಿಜಾರು) ಕುಸಿಯಲ್ವಾ?

‘ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಜಾಗ ಹಳದಿ ಇದ್ದರೆ ಸಾಕು, ಅಲ್ಲಿ ಮನೆ ಕಟ್ಟುವುದು ಸೇಫ್’ ಎಂಬ ಮೆಸೇಜ್ ಮಡಿಕೇರಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮಾಸ್ಟರ್ ಪ್ಲಾನ್ ಎಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಯೋಜನೆ. ಅದರಲ್ಲಿ ಹಳದಿ ಎಂದರೆ ವಸತಿಗೆ ಗುರುತಿಸಿದ ಜಾಗ, ಅಷ್ಟೇ. ಮಣ್ಣು ಎಷ್ಟು ಗಟ್ಟಿ ಎಂದು ಆ ಬಣ್ಣ ಹೇಳುವುದಿಲ್ಲ. 2018ರ ಆಗಸ್ಟ್ ನೆನಪಿದೆ ಅಲ್ವಾ? ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಜನ ವಾಸವಿದ್ದ ಮನೆಗಳೇ ಕುಸಿದವು. ಮಳೆ ಜಾಸ್ತಿ ಇತ್ತು, ನಿಜ. ಆದರೆ ಬರೆಯನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಬುಡದ ಆಸರೆಯೇ ಇರುವುದಿಲ್ಲ. ತೋಡು (ನೀರು ಹರಿಯುವ ಸಣ್ಣ ಹಳ್ಳ) ಮುಚ್ಚಿದರೆ ನೀರು ಒಳಗೇ ಇಳಿದು ಮಣ್ಣಿನ ಭಾರ ಹೆಚ್ಚುತ್ತದೆ.

ಜಾಗ ಕೊಳ್ಳುವ ಮುಂಚೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ನಕ್ಷೆಯನ್ನೂ ನೋಡಿ. ಮಾಸ್ಟರ್ ಪ್ಲಾನ್‌ನ ಕರಡು ಪ್ರಕಟವಾದಾಗ ಸುಮ್ನೆ ಕೂರಬೇಡಿ. ಸರ್ವೆ ನಂಬರ್ ಹಾಕಿ, ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಡಿ.