ಹಾಡಿಗೊಂದು ಇಸವಿ, ಹಾಡಿಗೊಂದು ಮುಖ

ನಾನು ಇಂಗ್ಲೆಂಡಿಗೆ ಬಂದದ್ದು 1991ರ ಸೆಪ್ಟೆಂಬರಿನಲ್ಲಿ. ಆ ನವೆಂಬರ್ 24ರಂದು ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡಾಗ ಲೀಡ್ಸಿನ ನಮ್ಮ ಕಚೇರಿಯಲ್ಲಿ ಎರಡು ದಿನ ಬೇರೆ ಮಾತೇ ಇರಲಿಲ್ಲ. ಡಿಸೆಂಬರಿನಲ್ಲಿ ಅವರ ‘ಬೊಹೀಮಿಯನ್ ರಾಪ್ಸೊಡಿ’ ಮತ್ತೆ ಅಂಗಡಿಗಳಿಗೆ ಬಂದು ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಇದೇ ಹಾಡು 1975ರ ಕೊನೆಯಲ್ಲೂ ಆ ಸ್ಥಾನಕ್ಕೇರಿ ಒಂಬತ್ತು ವಾರ ಕದಲದೆ ಕೂತಿತ್ತೆಂದು ಪಕ್ಕದ ಮೇಜಿನ ಸಹೋದ್ಯೋಗಿ ಯಾವ ಪುಸ್ತಕವನ್ನೂ ನೋಡದೆ ಹೇಳಿದ. ಆಗ ತನಗೆ 16 ವರ್ಷವಾಗಿತ್ತು, ತಂದೆಯ ಕೆಲಸ ಹೋಗಿತ್ತು, ಆ ಉದ್ದನೆಯ ಹಾಡು ಮುಗಿಯುವವರೆಗೆ ತಂದೆ ಅಡುಗೆಮನೆಯಲ್ಲಿ ಗೊಣಗುತ್ತಿದ್ದರು ಎಂದೂ ಸೇರಿಸಿದ. ಆಮೇಲೆ ಸಹಜವಾಗಿ ಕೇಳಿದ: ‘1975ರಲ್ಲಿ ನೀನು ಯಾವ ಹಾಡು ಕೇಳುತ್ತಿದ್ದೆ?’

ಉತ್ತರ ನನಗೆ ತೋಚಲಿಲ್ಲ. ನನಗೆ ಆಗ ಒಂಬತ್ತು ವರ್ಷ, ಕೇಳಿದ ಹಾಡುಗಳು ನೂರಾರು, ಆದರೆ ಅವುಗಳಲ್ಲಿ ಒಂದಕ್ಕೂ ಇಸವಿ ಅಂಟಿಕೊಂಡಿರಲಿಲ್ಲ.

ಇಲ್ಲಿನವರಿಗೆ ಆ ಲೆಕ್ಕ ಬಾಯಲ್ಲಿರುವುದಕ್ಕೆ ಕಾರಣವಿದೆ. 1952ರ ನವೆಂಬರ್ 14ರಂದು ಒಂದು ಸಂಗೀತ ಪತ್ರಿಕೆ ಅಂಗಡಿಗಳಿಗೆ ಫೋನ್ ಮಾಡಿ ವಿಚಾರಿಸಿ, ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯನ್ನು ಮೊದಲ ಬಾರಿಗೆ ಅಚ್ಚು ಹಾಕಿತು. ಅಂದಿನಿಂದ ಈ ದೇಶ ವಾರವಾರವೂ ತನ್ನ ಹಾಡುಗಳನ್ನು ಎಣಿಸುತ್ತಲೇ ಬಂದಿದೆ. 1964ರ ಹೊಸವರ್ಷದ ದಿನ ಮ್ಯಾಂಚೆಸ್ಟರಿನ ಹಳೆಯ ಚರ್ಚ್ ಕಟ್ಟಡವೊಂದರಿಂದ ಬಿಬಿಸಿ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮವನ್ನು ಆರಂಭಿಸಿತು, ಅದು 2006ರವರೆಗೆ ನಡೆಯಿತು. ನನ್ನ ವಯಸ್ಸಿನ ಇಂಗ್ಲಿಷರಲ್ಲಿ ಬಹುಮಂದಿ ಭಾನುವಾರ ಸಂಜೆ ರೇಡಿಯೊ ಮುಂದೆ ಕೂತು, ನಿರೂಪಕನ ಮಾತು ನಿಲ್ಲುವ ಕ್ಷಣಕ್ಕೆ ಸರಿಯಾಗಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಲು ಕಾದವರು. ಹಾಗಾಗಿ ಪಬ್ಬುಗಳ ರಸಪ್ರಶ್ನೆಯಲ್ಲಿ ಹಾಡಿನ ಮೊದಲ ಐದು ಸೆಕೆಂಡು ಕೇಳಿದೊಡನೆ ಹಾಡುಗಾರನ ಹೆಸರನ್ನೂ ಇಸವಿಯನ್ನೂ ಒಟ್ಟಿಗೆ ಕೂಗಿಬಿಡುತ್ತಾರೆ. ನಾನು ಅಂಥ ತಂಡಗಳಲ್ಲಿ ಭೂಗೋಳದ ಪ್ರಶ್ನೆ ಬರುವವರೆಗೆ ಮೌನವಾಗಿ ಕೂರುವ ಸದಸ್ಯ.

ನಮ್ಮಲ್ಲಿ ಹಾಡು ಇಸವಿಯೊಂದಿಗೆ ಬರುತ್ತಿರಲಿಲ್ಲ, ಮುಖದೊಂದಿಗೆ ಬರುತ್ತಿತ್ತು. ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ಅರಸೀಕೆರೆಯ ಕಡೆಯ ನಮ್ಮೂರಿನ ಟೆಂಟಿಗೆ ತಲುಪುವಾಗ ವರ್ಷವೇ ಕಳೆದಿರುತ್ತಿತ್ತು, ಮತ್ತೆರಡು ವರ್ಷಕ್ಕೆ ಅದೇ ಚಿತ್ರ ಮರಳಿ ಬರುತ್ತಿತ್ತು. ಘಂಟಸಾಲ ಅವರ ವೆಂಕಟೇಶನ ಭಕ್ತಿಗೀತೆ ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಆಟ ಶುರುವಾಗುವ ಹೊತ್ತಾಯಿತೆಂದು ಊರಿಗೆಲ್ಲ ತಿಳಿಯುತ್ತಿತ್ತು. ಆ ಹಾಡಿನ ವಯಸ್ಸನ್ನು ಯಾರು ಕೇಳುತ್ತಾರೆ? ರಾಜ್‌ಕುಮಾರ್ ಅವರಿಗೆ ಬಹುಕಾಲ ಹಾಡಿದವರು ಪಿ.ಬಿ. ಶ್ರೀನಿವಾಸ್, 1974ರ ‘ಸಂಪತ್ತಿಗೆ ಸವಾಲ್’ ನಂತರವೇ ರಾಜ್ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು. ಇದನ್ನು ರೇಡಿಯೊದಲ್ಲಿ ನೂರು ಸಲ ಕೇಳಿದ್ದರೂ ನಮ್ಮಜ್ಜಿ, ಅಣ್ಣಾವ್ರ ಬಾಯಿಂದ ಇನ್ನೊಬ್ಬರ ದನಿ ಬರುತ್ತದೆಂಬುದನ್ನು ಕಡೆಯವರೆಗೂ ಒಪ್ಪಲಿಲ್ಲ. ತೆರೆಯ ಮೇಲೆ ತುಟಿ ಅಲುಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಆದರೆ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲೆಂದು ಈಗಲೂ ವಾದಿಸುತ್ತೇನೆ. ಆಕಾಶವಾಣಿಯ ಉದ್ಘೋಷಕರು ಪ್ರತಿ ಹಾಡಿನ ಮೊದಲು ಚಿತ್ರದ ಹೆಸರಿನ ಜೊತೆಗೆ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ತಪ್ಪದೆ ಹೇಳುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿಗೆ ಚಿ. ಉದಯಶಂಕರ್ ಅವರ ಹೆಸರು ಗೊತ್ತಿದ್ದುದು ಹಾಗೆ. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲೂ ಅಷ್ಟೆ, ಅರ್ಧ ಕತೆ ಹೇಳಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಎಂದು ಕೈಬಿಡುತ್ತಿದ್ದ ಆ ತೆಳು ಕಾಗದದ ಹೊತ್ತಗೆ ಸಾಹಿತಿಯ ಹೆಸರನ್ನು ಮರೆಯುತ್ತಿರಲಿಲ್ಲ. ಇಲ್ಲಿನ ರೇಡಿಯೊದಲ್ಲಿ ಪದ ಬರೆದವರ ಹೆಸರು ಕೇಳಿಬರುವುದೇ ಅಪರೂಪ. 2016ರಲ್ಲಿ ಬಾಬ್ ಡಿಲನ್ ಅವರಿಗೆ ನೊಬೆಲ್ ಸಾಹಿತ್ಯ ಪ್ರಶಸ್ತಿ ಬಂದಾಗ, ಹಾಡು ಸಾಹಿತ್ಯವೇ ಎಂದು ಇಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ಬೇಂದ್ರೆಯವರನ್ನೂ ಕೆ.ಎಸ್. ನರಸಿಂಹಸ್ವಾಮಿಯವರನ್ನೂ ಓದುವ ಮೊದಲೇ ಹಾಡಿಕೊಂಡು ಬೆಳೆದ ನನಗೆ ಆ ಚರ್ಚೆಯ ತಲೆಬುಡ ತಿಳಿಯಲಿಲ್ಲ. ಶರೀಫಜ್ಜನ ತತ್ತ್ವಪದ ಹಾಡೋ, ಸಾಹಿತ್ಯವೋ ಎಂದು ಯಾರಾದರೂ ಪ್ರಶ್ನಿಸಿದ್ದುಂಟೆ?

ಹಾಗೆಂದು ನಮ್ಮದೆಲ್ಲವೂ ಸರಿಯೆಂದು ಹೇಳಲಾರೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದು ರೇಡಿಯೊ, ಅಜ್ಜಿ, ಅಪ್ಪ, ನಾನು ಮೂವರೂ ಕೇಳುತ್ತಿದ್ದುದು ಅದೇ ಹಾಡನ್ನು. ಇದು ಸಾಮರಸ್ಯವೆಂದು ಬಹಳ ವರ್ಷ ಹೆಮ್ಮೆಪಟ್ಟಿದ್ದೇನೆ. ಆದರೆ ಆ ಸಹೋದ್ಯೋಗಿಯ ಬಳಿ, ತಂದೆ ಗೊಣಗಿದ, ತನ್ನೊಬ್ಬನದೇ ಆದ ಒಂದು ಹಾಡಿತ್ತು. 16ರ ವಯಸ್ಸಿನ ಸಿಟ್ಟನ್ನೂ ಒಂಟಿತನವನ್ನೂ ಇಡಲು ಒಂದು ಜಾಗವಿತ್ತು. ನನಗೆ ಅದೇ ವಯಸ್ಸಿನಲ್ಲಿ ದುಃಖವಾದಾಗ ನಾಯಕನ ದುಃಖವನ್ನೇ ಎರವಲು ಪಡೆಯಬೇಕಾಗಿತ್ತು, ಅದನ್ನೂ ಅಪ್ಪನ ಎದುರಿಗೆ, ಅವರು ತಾಳ ಹಾಕುತ್ತಿರುವಾಗ. 1987ರಲ್ಲಿ ‘ಪ್ರೇಮಲೋಕ’ ಬಂದು, ಹಂಸಲೇಖರ ಹಾಡು ಕೇಳಿ ಹಿರಿಯರು ಮೊದಲ ಬಾರಿಗೆ ಮುಖ ಸಿಂಡರಿಸಿದಾಗ ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ, ಹಾಡು ಇಷ್ಟವಾದದ್ದಕ್ಕಿಂತ ಅದು ಅವರಿಗೆ ಇಷ್ಟವಾಗಲಿಲ್ಲವೆಂಬುದೇ ದೊಡ್ಡದಾಗಿತ್ತು.

ವಿಚಿತ್ರವೆಂದರೆ, ಇಸವಿಯಿಲ್ಲದ ನನ್ನ ಹಾಡುಗಳಿಗೆ ಇಸವಿ ಹಚ್ಚಿದ್ದು ನನ್ನ ವಲಸೆ. ಬರುವಾಗ ಬಟ್ಟೆಗಳ ನಡುವೆ ಸುತ್ತಿ ತಂದ 22 ಕ್ಯಾಸೆಟ್ಟುಗಳು, ನಾಣ್ಯ ಹಾಕಿದರೆ ಮಾತ್ರ ಉರಿಯುವ ಗ್ಯಾಸ್ ಹೀಟರಿನ ಕೋಣೆಯಲ್ಲಿ ಆ ಮೊದಲ ಚಳಿಗಾಲವಿಡೀ ತಿರುಗಿದವು. ಈಗ ಅವುಗಳಲ್ಲಿ ಯಾವುದನ್ನು ಕೇಳಿದರೂ ನನಗೆ ಕಾಣುವುದು ಟೆಂಟೂ ಅಲ್ಲ, ರಾಜ್‌ಕುಮಾರರ ಮುಖವೂ ಅಲ್ಲ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತಿದ್ದ 1991ರ ಆ ಕಿಟಕಿ. ಊರಿಗೆ ಹೋದರೆ ಅಕ್ಕನ ಮೊಮ್ಮಗಳು ಅದೇ ಹಾಡುಗಳನ್ನು ಟಿವಿ ಸ್ಪರ್ಧೆಗೆಂದು ಅಭ್ಯಾಸ ಮಾಡುತ್ತಿರುತ್ತಾಳೆ, ಅವಳಿಗೆ ಅವು ಹಳೆಯವಲ್ಲ, ಬರೀ ಹಾಡುಗಳು. ‘ಇದು ನನ್ನ ಕಾಲದ್ದು’ ಎಂದು ನಾನು ಹೇಳಿದರೆ ಮನೆಯವರು ನಗುತ್ತಾರೆ. ಅದು ಎಲ್ಲರ ಕಾಲದ್ದಂತೆ.

ಆ ಸಹೋದ್ಯೋಗಿ 2019ರಲ್ಲಿ ತೀರಿಕೊಂಡ. ಯೌವನದಲ್ಲಿ ಅವನು ವಿಗನ್ ಕ್ಯಾಸಿನೊ ಎಂಬ ಕುಣಿತದ ಕ್ಲಬ್ಬಿಗೆ ಹೋಗುತ್ತಿದ್ದವನು. 1973ರಿಂದ 1981ರವರೆಗೆ ಅಲ್ಲಿ, ಅಮೆರಿಕದಲ್ಲಿ ಯಾರೂ ಕೊಳ್ಳದೆ ಮೂಲೆ ಸೇರಿದ್ದ 1960ರ ದಶಕದ ‘ಸೋಲ್’ ಎಂಬ ಕಪ್ಪು ಅಮೆರಿಕನ್ನರ ಶೈಲಿಯ ಹಾಡುಗಳನ್ನು ಹುಡುಕಿ ತಂದು ಹಾಕುತ್ತಿದ್ದರು, ಉತ್ತರ ಇಂಗ್ಲೆಂಡಿನ ಕೂಲಿಕಾರರ ಮಕ್ಕಳು ಬೆಳಗಾಗುವವರೆಗೆ ಕುಣಿಯುತ್ತಿದ್ದರು. ಚಿತಾಗಾರದಲ್ಲಿ ಶವಪೆಟ್ಟಿಗೆಯ ಮುಂದೆ ಪರದೆ ಸರಿಯುವಾಗ, ಅವನು ಮೊದಲೇ ಬರೆದಿಟ್ಟಿದ್ದಂತೆ, ಅಂಥದೊಂದು ಕುಣಿತದ ಹಾಡನ್ನು ಹಾಕಿದರು. ಸಾವಿನ ಮನೆಯಲ್ಲಿ ರೇಡಿಯೊ ಆರಿಸುವ ಊರಿನವನಾದ ನಾನು ತಲೆ ತಗ್ಗಿಸಿದೆ. ಆಗ ಕಂಡದ್ದು, ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿಯ ಕಪ್ಪು ಬೂಟು ನೆಲಕ್ಕೆ ಮೆಲ್ಲಗೆ ತಾಳ ಹಾಕುತ್ತಿದ್ದುದು.

ಕಾರಿನಲ್ಲಿ ಮರಳುವಾಗ ನನ್ನ ಹೆಂಡತಿ, ‘ನಿಮಗೆ ಯಾವುದು ಹಾಕಿಸಲಿ?’ ಎಂದಳು. ತಮಾಷೆಗೇ ಕೇಳಿದ್ದರೂ ಹೆದ್ದಾರಿಯುದ್ದಕ್ಕೂ ಯೋಚಿಸಿದೆ. ಯಾವ ಹಾಡನ್ನು ಆರಿಸಿದರೂ ತೊಡಕು ಒಂದೇ: ಪರದೆ ಸರಿಯುವ ಹೊತ್ತಿಗೆ, ಬಂದಿರುವ ಕನ್ನಡದವರಿಗೆಲ್ಲ ಕಾಣುವುದು ನಾನಲ್ಲ, ರಾಜ್‌ಕುಮಾರ್.